ಆಷಾಢದಲ್ಲಿ ತುಂಬುವ ಹಾಜರಿ ಪುಸ್ತಕ

ಬೋಧನಾಭ್ಯಾಸಕ್ಕೆ ಈ ಸಲ ನನಗೆ ಸಿಕ್ಕಿದ್ದು ಅಗ್ರಹಾರದ ನನ್ನ ಪಿ.ಜಿ.ಯಿಂದ ನಡೆದೇ ಹೋಗಬಹುದಾದ ಒಂದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ತರಗತಿಗೆ ಗಣಿತ. ನವೆಂಬರ್ ತಿಂಗಳು, ನನ್ನ ನಾಲ್ಕನೆಯ ಅಭ್ಯಾಸ ಪಾಠ. ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣ ಶುರುಮಾಡಿದ್ದೆ. ಮಾರ್ಗದರ್ಶಿ ಶಿಕ್ಷಕರು ಹಿಂದೆ ಕುಳಿತು ವೀಕ್ಷಣಾ ಪುಸ್ತಕದಲ್ಲಿ ಬರೆಯುತ್ತಿದ್ದರು. ಅವರ ಪಕ್ಕದ ಬೆಂಚಿನಲ್ಲೇ ಒಬ್ಬ ಹುಡುಗ ಕೈಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಪಾಠಯೋಜನೆಯಲ್ಲಿ ಇಂಥದ್ದಕ್ಕೆ ಯಾವ ಕಾಲಮ್ಮೂ ಇರುವುದಿಲ್ಲ.

"ರಾತ್ರಿಯೆಲ್ಲ ಮೊಬೈಲ್ ನೋಡ್ತಿದ್ಯಾ?" ಎಂದು ಎಬ್ಬಿಸಿದೆ. ತರಗತಿ ನಕ್ಕಿತು. ನನಗೂ ಆ ನಗು ಬೇಕಿತ್ತು, ಅದು ನಿಜ.

"ಇಲ್ಲ ಮಿಸ್, ಆರತಕ್ಷತೆ ಇತ್ತು."

"ಯಾರ್ ಮನೇದು?"

"ಗೊತ್ತಿಲ್ಲ ಮಿಸ್. ಬಡಿಸೋಕೆ ಹೋಗಿದ್ದೆ."

ಈ ಸಲ ಯಾರೂ ನಗಲಿಲ್ಲ. ನಾನು ಕಪ್ಪುಹಲಗೆಯ ಕಡೆ ತಿರುಗಿಕೊಂಡೆ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವನನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದೆ. ಕ್ಯಾಟರಿಂಗಿನವರು ಹುಡುಗರನ್ನು ಸಂಜೆ ಐದಕ್ಕೆ ಛತ್ರಕ್ಕೆ ಕರೆಸಿಕೊಳ್ಳುತ್ತಾರೆ. ಆರತಕ್ಷತೆಯ ಊಟ ಮುಗಿದು, ಟೇಬಲ್ ಒರೆಸಿ, ತಾವು ಉಣ್ಣುವಾಗ ಹನ್ನೊಂದೂವರೆ. ಮರುದಿನ ಬೆಳಗಿನ ತಿಂಡಿಗೂ ಮುಹೂರ್ತದ ಊಟಕ್ಕೂ ಇರಬೇಕೆಂದರೆ ಅಲ್ಲೇ ಚಾಪೆ. ರಾತ್ರಿಗೊಂದು ಲೆಕ್ಕ, ಪೂರ್ತಿ ಮದುವೆಗೊಂದು ಲೆಕ್ಕ. ರಾತ್ರಿ ಮಾತ್ರ ಹೋದರೆ ಐನೂರು. ಬಸ್ಸು ಸಿಗದ ಹೊತ್ತಾದ್ದರಿಂದ ಮೂವರು ಸೇರಿ ಆಟೊ ಮಾಡಿಕೊಂಡರೆ ತಲೆಗೆ ನಲವತ್ತು. "ನಾಲ್ಕು ಮದ್ವೆ ಹೋದ್ರೆ ಸಾವಿರದೆಂಟ್ನೂರ ನಲವತ್ತು ಉಳಿಯುತ್ತೆ ಮಿಸ್" ಎಂದ, ಬೆರಳು ಮಡಚದೆ. ಬೆಳಿಗ್ಗೆ ನಾನು ಎಕ್ಸ್, ವೈ ಬರೆದು ಹೇಳಿಕೊಡಲು ಒದ್ದಾಡಿದ್ದ ಸಮೀಕರಣವೇ ಅದು.

ನಮ್ಮ ಕ್ರಿಯಾ ಸಂಶೋಧನೆಗೆ ನಾನು ಬೇರೆ ವಿಷಯ ಆರಿಸಿಕೊಂಡಿದ್ದೆ. ಅದನ್ನು ಬಿಟ್ಟು ತರಗತಿ ಶಿಕ್ಷಕರ ಅನುಮತಿ ಪಡೆದು ಜೂನ್‌ನಿಂದ ಈಚೆಗಿನ ಹಾಜರಿ ಪುಸ್ತಕ ತೆರೆದೆ. ಪಕ್ಕದಲ್ಲಿ, ಪಿ.ಜಿ.ಯ ಅಡುಗೆಮನೆಯ ಗೋಡೆಯಿಂದ ಕೇಳಿ ತಂದ ಕ್ಯಾಲೆಂಡರ್ ಇಟ್ಟುಕೊಂಡೆ. ಆ ಹುಡುಗನ ಸಾಲು ಮಾತ್ರವಲ್ಲ, ಇನ್ನೂ ನಾಲ್ಕೈದು ಹುಡುಗರ ಸಾಲುಗಳು ಒಂದೇ ಕಥೆ ಹೇಳುತ್ತಿದ್ದವು. ಆಷಾಢದಲ್ಲಿ ಸಾಲುಸಾಲು ಹಾಜರಿ. ಶ್ರಾವಣ ಬಂದದ್ದೇ ಕೆಂಪು ಶಾಯಿಯ ಗೈರುಹಾಜರಿ ಶುರು. ಪಿತೃಪಕ್ಷದಲ್ಲಿ ಮತ್ತೆ ಎಲ್ಲರೂ ಬಂದಿದ್ದಾರೆ. ಕಾರ್ತಿಕದಲ್ಲಿ ಮತ್ತೆ ಕೆಂಪು. ಕ್ಯಾಲೆಂಡರಿನಲ್ಲಿ ಲಗ್ನವಿದ್ದರೆ ಪುಸ್ತಕದಲ್ಲಿ ಹುಡುಗನಿಲ್ಲ. ಇದು ಒಂದು ತರಗತಿಯ ಒಂದು ಪುಸ್ತಕ, ಇದರಿಂದ ರಾಜ್ಯದ ಲೆಕ್ಕ ಹೇಳಲು ಬರುವುದಿಲ್ಲ ಎಂದು ನಮ್ಮ ಸಂಶೋಧನಾ ವಿಧಾನದ ಮೇಡಂ ಎಚ್ಚರಿಸಿದ್ದಾರೆ. ಒಪ್ಪುತ್ತೇನೆ. ಆದರೆ "ಆಸಕ್ತಿ ಇಲ್ಲದ ಮಕ್ಕಳು ಗೈರಾಗುತ್ತಾರೆ" ಎಂದು ನಾವು ವರದಿಗಳಲ್ಲಿ ಸಲೀಸಾಗಿ ಬರೆಯುವ ವಾಕ್ಯ ಈ ಪುಸ್ತಕದ ಮುಂದೆ ನಿಲ್ಲಲಿಲ್ಲ. ಆಸಕ್ತಿ ಪಂಚಾಂಗ ನೋಡಿಕೊಂಡು ಹೋಗಿಬರುವುದಿಲ್ಲ.

ಹೀಗಾಗಿ ಪ್ರಶ್ನೆ: ಹದಿನಾಲ್ಕು ದಾಟಿದ ಮಕ್ಕಳು ಶಾಲೆಯಲ್ಲಿ ಉಳಿಯಲಿ ಎಂದು ಸರ್ಕಾರ ಅವರಿಗೆ ಹಣ ಕೊಡಬೇಕೆ?

ಪಿ.ಜಿ.ಯ ಮನೆಯೊಡತಿ ಅಜ್ಜಿಯ ಮುಂದೆ ಇದನ್ನೆತ್ತಿದಾಗ, "ಓದೋಕೂ ದುಡ್ಡು ಕೊಡ್ಬೇಕೇನೇ? ಚೆನ್ನಾಯ್ತು!" ಎಂದರು. ನಮ್ಮ ಸ್ಟಾಫ್ ರೂಮಿನ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದೇ ಅಜ್ಜಿ, ತಮ್ಮ ಮಾವನವರು ಹಳ್ಳಿಯಿಂದ ಬಂದು ಇದೇ ಬೀದಿಗಳಲ್ಲಿ ವಾರಾನ್ನ ಮಾಡಿಕೊಂಡು ಓದಿದ ಕಥೆಯನ್ನು ಹೆಮ್ಮೆಯಿಂದ ಹೇಳಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹುಡುಗ ದುಡಿಯದೆ ಓದಲೆಂದು ಊರು ಹಾಕಿದ ಅನ್ನ ಅದು. ಅನ್ನದ ರೂಪದಲ್ಲಿದ್ದರೆ ಧರ್ಮ, ನೋಟಿನ ರೂಪದಲ್ಲಿದ್ದರೆ ಲಂಚ ಎಂದು ಹೇಗೆ ಹೇಳುವುದು? ವಾರಾನ್ನ ಎಲ್ಲ ಜಾತಿಯ ಹುಡುಗರಿಗೂ ಸಿಗುತ್ತಿರಲಿಲ್ಲ, ಹುಡುಗಿಯರಿಗಂತೂ ಇರಲೇ ಇಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆ ಕೊರತೆಯನ್ನು ತುಂಬಲು ಮೈಸೂರಿನಲ್ಲಿ ಬೇರೆ ಬೇರೆಯವರು ಮುಂದೆ ಬಂದರು. ತಾತಯ್ಯನವರ ಅನಾಥಾಲಯ, ಸುತ್ತೂರು ಮಠದ ಉಚಿತ ವಿದ್ಯಾರ್ಥಿನಿಲಯ, ಸಮುದಾಯಗಳ ಹಾಸ್ಟೆಲುಗಳು ಎಲ್ಲವೂ ಅದೇ ದಾರಿಯವು. ನಾಲ್ವಡಿಯವರ ಕಾಲದಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯನ್ನು ನಾವು ಮೀಸಲಾತಿಗಾಗಿ ಮಾತ್ರ ನೆನೆಯುತ್ತೇವೆ. ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿವೇತನ ಬೇಕೆಂಬುದೂ ಅದರ ಮಾತಾಗಿತ್ತು. ಓದುವವನ ಹೊಟ್ಟೆಯ ಭಾರ ಯಾರು ಹೊರಬೇಕು ಎಂಬ ಚರ್ಚೆ ಈ ಊರಿಗೆ ಹೊಸದಲ್ಲ.

ಸರ್ಕಾರ ಕೊಡುತ್ತಿಲ್ಲ ಎಂದೂ ನಾನು ಹೇಳುವುದಿಲ್ಲ. ಕೊಡುತ್ತಿದೆ, ಬಗೆಬಗೆಯಾಗಿ ಕೊಡುತ್ತಿದೆ. ಬಿಸಿಯೂಟ 2007ರಿಂದ ಪ್ರೌಢಶಾಲೆಗೂ ಬಂತು. 2013ರಿಂದ ಕ್ಷೀರಭಾಗ್ಯದ ಹಾಲು. ಪಠ್ಯಪುಸ್ತಕ, ಸಮವಸ್ತ್ರ, ಶೂ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಪಾಸಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. 2008ರಲ್ಲಿ ಅದು ಶುರುವಾದಾಗ 6,000 ಇತ್ತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಸಹಾಯಧನ, ಅದರ ಮೊತ್ತ 2023ರಲ್ಲಿ ಕಡಿತವಾದಾಗ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ರೈತರ ಮಕ್ಕಳಿಗೆ 2021ರಿಂದ ವಿದ್ಯಾನಿಧಿ.

ನನ್ನ ತಕರಾರು ಇಷ್ಟೇ: ಈ ಹಣ ಮಗು ಶಾಲೆ ಬಿಡುವ ತಿಂಗಳಿನಲ್ಲಿ ಬರುವುದಿಲ್ಲ.

ಈ ಯೋಜನೆಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆಯವು. ಅರ್ಜಿ ಹಾಕಬೇಕು, ಜಾತಿ-ಆದಾಯ ಪ್ರಮಾಣಪತ್ರ ತರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಆಧಾರಿನಲ್ಲಿರುವ ಹೆಸರಿನ ಕಾಗುಣಿತ ಶಾಲಾ ದಾಖಲೆಯ ಕಾಗುಣಿತಕ್ಕೆ ಹೊಂದಬೇಕು. ಬೋಧನಾಭ್ಯಾಸದ ಅವಧಿಯಲ್ಲಿ ನಾನು ಮಾಡಿದ ಗಣಿತ ಪಾಠಗಳಿಗಿಂತ ಹೆಚ್ಚು ಹೊತ್ತು ಆ ಶಾಲೆಯ ಶಿಕ್ಷಕರೊಬ್ಬರು ಈ ಹೆಸರು ಹೊಂದಿಸುವ ಕೆಲಸದಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದನ್ನು ಕಂಡೆ. ಇಷ್ಟೆಲ್ಲ ಆಗಿ ಹಣ ಬಂದರೂ ಅದು ಒಂದು ಇಡಿಗಂಟು. ಮನೆಯ ಸಾಲಕ್ಕೋ ಹಬ್ಬಕ್ಕೋ ಸೇರಿಹೋಗುತ್ತದೆ. ಕಾರ್ತಿಕದ ಬುಧವಾರ ಸಂಜೆ ಐದಕ್ಕೆ ಕ್ಯಾಟರಿಂಗಿನವರ ಫೋನು ಬಂದಾಗ ಆ ಹುಡುಗನ ಕೈಯಲ್ಲಿ ಅದು ಇರುವುದಿಲ್ಲ.

ಇನ್ನು ಕೆಲವು ಯೋಜನೆಗಳು ಠೇವಣಿಯ ರೂಪದವು. 2008ರಲ್ಲಿ ಕೇಂದ್ರ ಸರ್ಕಾರ ತಂದ ಒಂದು ಯೋಜನೆಯಲ್ಲಿ ಎಂಟನೇ ತರಗತಿ ಮುಗಿಸಿ ಒಂಬತ್ತಕ್ಕೆ ಸೇರಿದ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯ ಹೆಸರಿನಲ್ಲಿ 3,000 ರೂಪಾಯಿ ಇಡುತ್ತಿದ್ದರು. ಹತ್ತನೇ ತರಗತಿ ಪಾಸಾಗಿ 18 ತುಂಬಿದ ಮೇಲೆ ಬಡ್ಡಿ ಸಮೇತ ಅವಳಿಗೆ. ನಮ್ಮ ರಾಜ್ಯದ ಭಾಗ್ಯಲಕ್ಷ್ಮಿ ಇನ್ನೂ ದೊಡ್ಡದು. 2006ರ ಮಾರ್ಚ್ 31ರ ನಂತರ ಬಡ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಬಾಂಡ್. ಮಗು ದುಡಿಮೆಗೆ ಹೋಗಬಾರದು, ಕನಿಷ್ಠ ಎಂಟನೇ ತರಗತಿ ಓದಿರಬೇಕು, 18ಕ್ಕಿಂತ ಮೊದಲು ಮದುವೆಯಾಗಬಾರದು. ಮೊದಲ ಬಾಂಡುಗಳು 2024ರಲ್ಲಿ ಕೈಗೆ ಬರಬೇಕಾದವು. ಮದುವೆ ಮುಂದೂಡುವುದಕ್ಕೆ ಇಂಥ ಬಾಂಡ್ ನೆರವಾಗಬಹುದು, ಯಾಕೆಂದರೆ ಮದುವೆಯನ್ನು ನಿರ್ಧರಿಸುವವರು ಹಿರಿಯರು, ಅವರಿಗೆ ನಾಲ್ಕು ವರ್ಷ ಕಾಯುವುದು ಗೊತ್ತು. ಶಾಲೆ ಬಿಡುವುದನ್ನು ಅನೇಕ ಸಲ ಮಗುವೇ ನಿರ್ಧರಿಸುತ್ತದೆ. ಹದಿನಾಲ್ಕರ ಹುಡುಗನಿಗೆ ಹದಿನೆಂಟು ಎಂಬುದು ಬಹಳ ದೂರದ ಊರು.

ಇಲ್ಲಿ ನನ್ನ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ನಂಜನಗೂಡು ಕಡೆಯ ಹಳ್ಳಿ. ಪ್ರೌಢಶಾಲೆ ಐದು ಕಿಲೋಮೀಟರ್ ದೂರ. 2006ರಲ್ಲಿ ಶುರುವಾದ ಸೈಕಲ್ ಯೋಜನೆಯಿಂದ ನಮ್ಮ ಮನೆಗೆ ಎರಡು ಸೈಕಲ್ ಬಂದವು. ಮೊದಲನೆಯದು ಅಣ್ಣನಿಗೆ, ಮೂರು ವರ್ಷದ ನಂತರದ್ದು ನನಗೆ. ನನ್ನ ಸೈಕಲ್ಲಿನಲ್ಲಿ ಬೆಳಿಗ್ಗೆ ಅಪ್ಪ ಡೇರಿಗೆ ಹಾಲಿನ ಕ್ಯಾನ್ ಹಾಕಿ ಬರುತ್ತಿದ್ದರು, ಎಂಟೂವರೆಗೆ ಅದು ನನ್ನದು. ಆ ಸೈಕಲ್ ಇಲ್ಲದಿದ್ದರೆ ನಾನು ಈ ಲೇಖನ ಬರೆಯುವ ಜಾಗದಲ್ಲಿ ಇರುತ್ತಿರಲಿಲ್ಲ ಎಂಬುದು ಖಂಡಿತ. ಬಿಹಾರದಲ್ಲೂ ಅದೇ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು ಎಂದು ಲೆಕ್ಕ ಕೊಟ್ಟಿದ್ದಾರೆ. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಅದರ ಪರಿಣಾಮ ಹೆಚ್ಚು. ನಮ್ಮ ಮನೆಯ ಎರಡನೇ ಸೈಕಲ್ ಅವರ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಮೊದಲನೇ ಸೈಕಲ್ ಕೂರುವುದಿಲ್ಲ. ಅಣ್ಣ ಒಂಬತ್ತನೇ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟು ಅದೇ ಸೈಕಲ್ಲಿನಲ್ಲಿ ಟೌನಿನ ಗ್ಯಾರೇಜಿಗೆ ಹೋಗತೊಡಗಿದ. ಆ ವರ್ಷ ಅಮ್ಮನಿಗೆ ಆಪರೇಷನ್ ಆಗಿತ್ತು. ವಾರವಾರ ಕೈಗೆ ಬರುವ ಹಣ ಬೇಕಿತ್ತು. ಅವನ ಅಡ್ಡಿ ದೂರವಾಗಿರಲಿಲ್ಲ. (ಕೋವಿಡ್ ಬಂದ ಮೇಲೆ ನಮ್ಮ ರಾಜ್ಯದ ಸೈಕಲ್ಲೂ ನಿಂತಿತು. ಅದರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.)

ಅಣ್ಣನದೂ ಆ ಕೊನೆ ಬೆಂಚಿನ ಹುಡುಗನದೂ ವಯಸ್ಸು ಒಂದೇ: ಹದಿನಾಲ್ಕರ ಮೇಲೆ. ಈ ವಯಸ್ಸಿನ ಮೇಲೆ ಕಾನೂನಿನ ಕಣ್ಣು ಕಡಿಮೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದಾಗ 14ರ ಒಳಗಿನವರ ದುಡಿಮೆ ಎಲ್ಲ ಕಡೆ ನಿಷೇಧವಾಯಿತು, ಮನೆಯವರಿಗೆ ಶಾಲೆಯ ಹೊತ್ತಿನಾಚೆ ನೆರವಾಗುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟು. ಆದರೆ 14ರಿಂದ 18ರವರೆಗಿನವರನ್ನು ಕಿಶೋರರೆಂದು ಬೇರೆ ಮಾಡಿ, ಗಣಿ, ಸ್ಫೋಟಕದಂಥ ಅಪಾಯದ ಕೆಲಸಗಳನ್ನು ಮಾತ್ರ ನಿಷೇಧಿಸಿದರು. ಅಂದರೆ ಹದಿನಾಲ್ಕು ತುಂಬಿದ ಮರುದಿನ ಶಾಲೆ ಅವನ ಹಕ್ಕಾಗಿ ಉಳಿಯುವುದಿಲ್ಲ, ಬಡಿಸುವ ಕೆಲಸ ಅಪಾಯದ ಕೆಲಸಗಳ ಸಾಲಿಗೂ ಸೇರುವುದಿಲ್ಲ. ಕ್ಯಾಟರಿಂಗಿನವರ ಮೇಲೆ ರೇಗುವ ಮೊದಲು ಇದು ನಮಗೆ ಗೊತ್ತಿರಬೇಕು. ಕೇಂದ್ರದ ಯುಡೈಸ್ ವರದಿಯ ಪ್ರಕಾರ 2021-22ರಲ್ಲಿ ಪ್ರೌಢ ಹಂತದಲ್ಲಿ ಶಾಲೆ ಬಿಟ್ಟವರು ದೇಶದಲ್ಲಿ ಶೇ. 12.6. ಕರ್ನಾಟಕದ್ದು ಅದಕ್ಕಿಂತ ಹೆಚ್ಚು, ಶೇ. 14 ದಾಟಿತ್ತು. ಉಳಿದವರಲ್ಲೂ ಹುಡುಗರು ಹಿಂದೆ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಹುಡುಗಿಯರು ಶೇ. 81.11, ಹುಡುಗರು ಶೇ. 65.90. ಭಾಗ್ಯಲಕ್ಷ್ಮಿ ಹುಡುಗಿಯರಿಗೆ, ಕೇಂದ್ರದ ಆ ಠೇವಣಿ ಹುಡುಗಿಯರಿಗೆ, ವಿದ್ಯಾನಿಧಿಯೂ ಪ್ರೌಢಶಾಲೆಯ ಮಟ್ಟದಲ್ಲಿ ಹುಡುಗಿಯರಿಗೆ, 2023ರ ಜೂನ್‌ನಿಂದ ಸಾಮಾನ್ಯ ಬಸ್ಸೂ ಹುಡುಗಿಯರಿಗೆ ಉಚಿತ. ಇವು ಬೇಕಿದ್ದವು, ಹುಡುಗಿಯಾಗಿ ಹಳ್ಳಿಯಿಂದ ಬಂದ ನಾನು ಒಂದನ್ನೂ ಬೇಡ ಎನ್ನಲಾರೆ. ಆದರೆ ಗಂಡುಮಕ್ಕಳು ಹೇಗೋ ಓದಿಕೊಳ್ಳುತ್ತಾರೆ ಎಂಬ ಹಳೆಯ ಊಹೆ ಈಗ ಸುಳ್ಳಾಗಿದೆ.

ಹಣ ಕೊಡುವುದು ಬೇರೆ ಕಡೆ ಏನು ಮಾಡಿದೆ? ಮೂರು ಕಡೆಯ ಅನುಭವ ಸಾಕು. ಬಾಂಗ್ಲಾದೇಶ 1994ರಲ್ಲಿ ಹಳ್ಳಿಯ ಪ್ರೌಢಶಾಲಾ ಹುಡುಗಿಯರಿಗೆ ದೇಶವ್ಯಾಪಿ ಸ್ಟೈಪೆಂಡ್ ಶುರುಮಾಡಿತು. ಶೇ. 75 ಹಾಜರಿ, ಪರೀಕ್ಷೆಯಲ್ಲಿ ಶೇ. 45 ಅಂಕ, ಮದುವೆಯಾಗಿರಬಾರದು ಎಂಬ ಷರತ್ತುಗಳು. ಅಲ್ಲಿ ಹುಡುಗಿಯರ ದಾಖಲಾತಿ ಹುಡುಗರಿಗೆ ಸರಿಸಮವಾಗಿ ನಿಂತಿತು, ಅದರಲ್ಲಿ ಈ ಹಣದ ಪಾಲೂ ಇದೆ. ಇಂಗ್ಲೆಂಡ್ 2004ರಿಂದ 16 ದಾಟಿದ ಬಡ ಮಕ್ಕಳಿಗೆ ವಾರಕ್ಕೆ 30 ಪೌಂಡ್‌ವರೆಗೆ ಕೊಟ್ಟಿತು. ಅದಕ್ಕೂ ಮೊದಲು ಪ್ರಯೋಗ ಮಾಡಿದ ಪ್ರದೇಶಗಳಲ್ಲಿ ಓದು ಮುಂದುವರಿಸಿದವರು ನೂರಕ್ಕೆ ನಾಲ್ಕೈದು ಮಂದಿ ಹೆಚ್ಚಿದ್ದರು. 2010ರಲ್ಲಿ ಬಂದ ಹೊಸ ಸರ್ಕಾರ ಅದನ್ನು ಇಂಗ್ಲೆಂಡಿನಲ್ಲಿ ನಿಲ್ಲಿಸಿತು. ಹಣ ಪಡೆಯುವವರಲ್ಲಿ ಬಹುಪಾಲು ಮಕ್ಕಳು ಹಣವಿಲ್ಲದಿದ್ದರೂ ಓದುತ್ತಿದ್ದರು ಎಂಬುದು ಕಾರಣ. ಈ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನನ್ನ ತರಗತಿಯಲ್ಲೂ ಹೆಚ್ಚಿನ ಮಕ್ಕಳು ಆಷಾಢವಿರಲಿ ಕಾರ್ತಿಕವಿರಲಿ ಬರುವವರೇ. ಆದರೆ ಬಿಸಿಯೂಟವನ್ನು ಮನೆಯಲ್ಲಿ ಉಂಡು ಬರುವ ಮಗುವಿಗೂ ಬಡಿಸುತ್ತೇವೆ. ಪಂಕ್ತಿಯಲ್ಲಿ ಯಾರಿಗೆ ನಿಜವಾಗಿ ಹಸಿವಿದೆ ಎಂದು ಕೇಳುತ್ತ ಹೋದರೆ ಹಸಿದವನೇ ಮೊದಲು ಎದ್ದುಹೋಗುತ್ತಾನೆ.

ಮೂರನೆಯದು ಬ್ರೆಜಿಲ್, ತೀರ ಇತ್ತೀಚಿನದು. 2024ರಿಂದ ಅಲ್ಲಿನ ಸರ್ಕಾರಿ ಪ್ರೌಢಶಾಲೆಗಳ ಬಡ ಮಕ್ಕಳಿಗೆ ಶೇ. 80 ಹಾಜರಿಯಿದ್ದರೆ ತಿಂಗಳಿಗೆ 200 ರಿಯಾಲ್. ಅದನ್ನು ಕೂಡಲೇ ತೆಗೆದುಕೊಳ್ಳಬಹುದು. ಪ್ರತಿ ವರ್ಷ ಪಾಸಾದರೆ 1,000 ರಿಯಾಲ್ ಬೇರೆ ಜಮೆಯಾಗುತ್ತದೆ, ಅದು ಇಡೀ ಕೋರ್ಸ್ ಮುಗಿಸಿದ ಮೇಲೆ ಮಾತ್ರ ಸಿಗುತ್ತದೆ. ಯೋಜನೆಯ ಹೆಸರು ಪೆ-ಜಿ-ಮೇಯಾ, ಕಾಲುಚೀಲದಲ್ಲಿ ಕೂಡಿಟ್ಟ ದುಡ್ಡು ಎಂಬ ಅರ್ಥದ್ದು. ನಮ್ಮ ಮನೆಗಳಲ್ಲಿ ಅದು ಸಾಸಿವೆ ಡಬ್ಬಿ. ಈ ಯೋಜನೆ ಏನು ಸಾಧಿಸಿತು ಎನ್ನಲು ಇನ್ನೂ ಬೇಗ. ಆದರೆ ಇಂದಿನ ಖರ್ಚಿಗೊಂದು, ನಾಳೆಗೊಂದು ಎಂದು ಎರಡು ಮಾಡಿದ್ದು ಮಕ್ಕಳನ್ನು ಬಲ್ಲವರ ಕೆಲಸದಂತೆ ನನಗೆ ಕಾಣುತ್ತದೆ.

ಚರ್ಚೆಯಲ್ಲಿ ನನ್ನ ಸಹಪ್ರಶಿಕ್ಷಣಾರ್ಥಿಯೊಬ್ಬರು ಒಳ್ಳೆಯ ಪ್ರಶ್ನೆ ಹಾಕಿದರು. ಇದೇ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಯಿತು, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಆ ಹುಡುಗನ ತಾಯಿಗೂ ಬರುತ್ತಿರಬೇಕಲ್ಲ? ಹಾಗಿದ್ದೂ ಅವನೇಕೆ ಬಡಿಸಲು ಹೋಗುತ್ತಾನೆ? ಕೇಳಿದೆ. ಬರುತ್ತದೆ. ಅದು ಬಾಡಿಗೆಗೆ ಸೇರುತ್ತದೆ. ಅದು ಬರದಿದ್ದರೆ ಅವನು ಇನ್ನೂ ಹೆಚ್ಚು ಮದುವೆಗಳಿಗೆ ಹೋಗುತ್ತಿದ್ದನೋ ಏನೋ. ಆಫ್ರಿಕಾದ ಮಲಾವಿ ದೇಶದ ಜೋಂಬಾ ಜಿಲ್ಲೆಯಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಕೆಲವು ಹದಿಹರೆಯದ ಹುಡುಗಿಯರ ಮನೆಗಳಿಗೆ ಶಾಲೆಗೆ ಹೋದರೆ ಮಾತ್ರ ಹಣ, ಇನ್ನು ಕೆಲವರಿಗೆ ಷರತ್ತೇ ಇಲ್ಲದ ಹಣ. ಶಾಲೆಯಲ್ಲಿ ಉಳಿಸುವುದರಲ್ಲಿ ಷರತ್ತಿನ ಹಣ ಮುಂದಿತ್ತು. ಬೇಗ ಮದುವೆಯಾಗುವುದು, ಬೇಗ ಬಸುರಾಗುವುದು ಕಡಿಮೆಯಾದದ್ದು ಮಾತ್ರ ಷರತ್ತಿಲ್ಲದ ಹಣ ಪಡೆದವರಲ್ಲಿ. ಶಾಲೆ ಬಿಟ್ಟ ಹುಡುಗಿಗೆ ಷರತ್ತಿನ ಹಣ ಅಂದೇ ನಿಂತುಹೋಗುತ್ತಿತ್ತು, ಅವಳಿಗೇ ಅದು ಹೆಚ್ಚು ಬೇಕಾಗಿದ್ದಾಗ. ಹಾಗಾಗಿ ಗೃಹಲಕ್ಷ್ಮಿ ಇರಲಿ, ಅದರ ಕೆಲಸ ಬೇರೆ. ಶಾಲೆಗೆಂದು ಕೊಡುವುದು ಶಾಲೆಗೆ ಅಂಟಿಕೊಂಡಿರಲಿ.

ಎಷ್ಟು ಖರ್ಚಾದೀತು? ಎಸ್‌ಎಸ್‌ಎಲ್‌ಸಿಗೆ ಪ್ರತಿ ವರ್ಷ ಕೂರುವವರು ಎಂಟೂವರೆ ಲಕ್ಷದ ಆಸುಪಾಸು. ಸರ್ಕಾರಿ ಶಾಲೆಯವರು ನಾಲ್ಕು ಲಕ್ಷ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಒಂಬತ್ತು, ಹತ್ತು ಸೇರಿ ಎಂಟು ಲಕ್ಷ. ತಲೆಗೆ ತಿಂಗಳಿಗೆ 1,000ದಂತೆ ಹತ್ತು ತಿಂಗಳಿಗೆ 800 ಕೋಟಿ. ಗೃಹಲಕ್ಷ್ಮಿಗೆ 2024-25ರ ಬಜೆಟ್ಟಿನಲ್ಲಿಟ್ಟ ಹಣ 28,608 ಕೋಟಿ, ಅಂದರೆ ದಿನಕ್ಕೆ 78 ಕೋಟಿ. ಅದರ ಹತ್ತು-ಹನ್ನೊಂದು ದಿನದ ಹಣ. 2024ರ ಜನವರಿಯಲ್ಲಿ ಬಂದ ಯುವನಿಧಿ, ಡಿಪ್ಲೊಮಾ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 1,500, ಪದವೀಧರರಿಗೆ 3,000 ಕೊಡುತ್ತದೆ. ಡಿಪ್ಲೊಮಾದವರೆಗೆ ಬಂದು ತಲುಪಿದವನಿಗೆ ತಿಂಗಳ ಹಣವಿದೆ. ಅಲ್ಲಿಗೆ ಬರುವ ದಾರಿಯಲ್ಲೇ, ಒಂಬತ್ತನೇ ತರಗತಿಯಲ್ಲಿ, ಜಾರುತ್ತಿರುವವನಿಗೆ ಇಲ್ಲ.

ಇನ್ನು ನನ್ನನ್ನು ನಿಜವಾಗಿ ಕಾಡುವ ಎರಡು ಆಕ್ಷೇಪಗಳು. ಒಂದು, ಹಾಜರಿ ಪುಸ್ತಕ. ಇವತ್ತು ಅದರಲ್ಲಿ ನಾನು ಗೈರುಹಾಜರಿ ಎಂದು ಬರೆದರೆ ಹುಡುಗನಿಗೆ ಬೈಗುಳ ಮಾತ್ರ. ಹಣ ಬಂದ ದಿನ ಅದು ಹಾಜರಿ ಪುಸ್ತಕವಾಗಿ ಉಳಿಯದೆ ಕೂಲಿಯ ಮಸ್ಟರ್ ರೋಲ್ ಆಗುತ್ತದೆ. ಬಾಗಿಲಲ್ಲಿ ತಾಯಿ ಬಂದು ನಿಲ್ಲುತ್ತಾಳೆ: "ಮೇಡಂ, ಎರಡೇ ದಿನ ಕಮ್ಮಿ, ಹಾಕ್ಕೊಡಿ." ಹಾಕಿಕೊಟ್ಟರೆ ಸುಳ್ಳು, ಹಾಕದಿದ್ದರೆ ಒಂದು ಮನೆಯ ಸಾವಿರ ರೂಪಾಯಿ ಕಸಿದವಳು ನಾನು. ಇಪ್ಪತ್ತೈದು ವರ್ಷದ ಹೊಸ ಶಿಕ್ಷಕಿ ಆ ಬಾಗಿಲಲ್ಲಿ ಏನು ಮಾಡಬೇಕು ಎಂದು ನಮ್ಮ ಯಾವ ಪತ್ರಿಕೆಯ ಪಠ್ಯಕ್ರಮದಲ್ಲೂ ಇಲ್ಲ. ಇದಕ್ಕೆ ನನಗೆ ಪೂರ್ತಿ ಉತ್ತರ ಗೊತ್ತಿಲ್ಲ. ಮಿತಿಯನ್ನು ಸಡಿಲವಾಗಿ ಇಡಬೇಕು, ತಿಂಗಳಿಗೆ ನಾಲ್ಕೈದು ದಿನ ತಪ್ಪಿದರೂ ಹಣ ಬರಬೇಕು, ತಪ್ಪಿದ ತಿಂಗಳಿನ ಹಣ ಹೋದರೂ ಮುಂದಿನ ತಿಂಗಳಿಗೆ ಬಾಗಿಲು ತೆರೆದಿರಬೇಕು. ಎಸ್‌ಎಟಿಎಸ್‌ನಲ್ಲಿ ಮಗುವಿನ ದಾಖಲೆ ಹೇಗೂ ಇದೆ, ಹಣದ ಆದೇಶ ಅಲ್ಲಿಂದ ಹೋಗಲಿ, ಮುಖ್ಯೋಪಾಧ್ಯಾಯರ ಸಹಿಯಿಂದ ಬೇಡ. ಜಾತಿ-ಆದಾಯ ಪತ್ರ ಕೇಳದೆ ಸರ್ಕಾರಿ ಶಾಲೆಯ ಮಗು ಎಂಬುದನ್ನೇ ಅರ್ಹತೆ ಮಾಡಿದರೆ ಅರ್ಧ ಕಾಗದ ಕಡಿಮೆಯಾಗುತ್ತದೆ. ಅಂಕಕ್ಕಂತೂ ಹಣ ಕೊಡಲೇಬಾರದು. ಕೊಟ್ಟರೆ ಮೊದಲು ಕಳೆದುಕೊಳ್ಳುವವನು ರಾತ್ರಿ ಹನ್ನೊಂದೂವರೆಗೆ ಉಂಡು ಮಲಗಿದವನೇ.

ಎರಡನೆಯದು ಇನ್ನೂ ಕಷ್ಟದ್ದು. ಸಾವಿರ ರೂಪಾಯಿ ಎಂದರೆ ಅವನಿಗೆ ಎರಡು ಮದುವೆ. ಸರ್ಕಾರ ಕೂಲಿಯನ್ನು ಸರಿಗಟ್ಟಲಾರದು, ಸರಿಗಟ್ಟಬೇಕಾಗಿಯೂ ಇಲ್ಲ. ಆದರೆ ಅವನು ಛತ್ರಕ್ಕೆ ಹೋಗುವುದು ಹಣಕ್ಕೆ ಮಾತ್ರವೇ? ಒಮ್ಮೆ ಹೇಳಿದ: "ಅಲ್ಲಿ ಸಾಂಬಾರ್ ಬಕೆಟ್ ನನಗೇ ಕೊಡ್ತಾರೆ ಮಿಸ್. ಹೊಸಬ್ರಿಗೆ ಬರೀ ನೀರು." ಪಂಕ್ತಿಗೆ ಎಷ್ಟು ಬಕೆಟ್ ಬೇಕು, ಎಲ್ಲಿ ನಿಧಾನಿಸಬೇಕು ಎಂಬುದು ಅವನಿಗೆ ಗೊತ್ತು, ಗೊತ್ತಿರುವುದು ಭಟ್ಟರಿಗೂ ಗೊತ್ತು. ಶಾಲೆಯಲ್ಲಿ ಅವನು ಏಳನೇ ತರಗತಿಯ ಭಿನ್ನರಾಶಿಯಲ್ಲೇ ಬಿದ್ದು, ಅಲ್ಲಿಂದ ಎದ್ದಿಲ್ಲ. ದಿನಕ್ಕೆ ಏಳು ಪೀರಿಯಡ್ ತನಗೆ ಬಾರದ್ದನ್ನು ಕೇಳುತ್ತ ಕೂರುತ್ತಾನೆ. ತಿಂಗಳಿಗೆ ಸಾವಿರ ಕೊಟ್ಟು ಅವನನ್ನು ಆ ಬೆಂಚಿನಲ್ಲಿ ಕೂರಿಸಿದರೆ ಬೆಂಚು ತುಂಬುತ್ತದೆ. ಆಮೇಲಿನದು ನಮ್ಮ ಪಾಲು. ಅವನ ನಾಲ್ಕು ಮದುವೆಯ ಲೆಕ್ಕವನ್ನು ಮರುದಿನ ಹಲಗೆಯ ಮೇಲೆ ಸಮೀಕರಣವಾಗಿ ಬರೆದೆ. ಆ ಪೀರಿಯಡ್ ಪೂರ್ತಿ ಅವನು ಎದ್ದೇ ಇದ್ದ. ಅದಕ್ಕಿಂತ ದೊಡ್ಡದೇನೂ ಆಗಲಿಲ್ಲ. ಭಿನ್ನರಾಶಿ ಇನ್ನೂ ಹಾಗೇ ಇದೆ.

ಹಣ ಬಂದರೂ ಅವನು ಶನಿವಾರ, ಭಾನುವಾರ ಬಡಿಸಲು ಹೋಗಬಹುದು. ಹೋಗಲಿ. ಬೆಳಗಿನ ಜಾವ ವಾಣಿವಿಲಾಸ ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಇಳಿಸಿ, ಕೈಕಾಲು ತೊಳೆದು, ಪ್ರಾರ್ಥನೆಯ ಹೊತ್ತಿಗೆ ಸಾಲಿನಲ್ಲಿ ನಿಲ್ಲುವ ಹುಡುಗನೂ ಇದೇ ತರಗತಿಯಲ್ಲಿದ್ದಾನೆ. ದುಡಿಮೆಯನ್ನೇ ಅವಮಾನ ಮಾಡುವುದು ನನ್ನ ಉದ್ದೇಶವಲ್ಲ. ಬುಧವಾರದ ಫೋನಿಗೆ "ಬರಲ್ಲ, ಸ್ಕೂಲಿದೆ" ಎನ್ನುವಷ್ಟು ಬಲ ಅವನಿಗೆ ಬರಬೇಕು, ಆ ಬಲಕ್ಕೆ ತಿಂಗಳಿಗೊಂದು ಸಾವಿರ ಸಾಕಾಗಬಹುದು ಎಂಬುದು ನನ್ನ ಅಂದಾಜು. ಅಣ್ಣನನ್ನು ಫೋನಿನಲ್ಲಿ ಕೇಳಿದೆ, ಆಗ ಯಾರಾದರೂ ತಿಂಗಳಿಗೆ ಇಷ್ಟು ಕೊಟ್ಟಿದ್ದರೆ ಶಾಲೆಯಲ್ಲಿ ಉಳೀತಿದ್ಯಾ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ವರ್ಷ ಒಂದು ಉಳೀತಿದ್ದೆ. ಆಮೇಲಿಂದು ಗೊತ್ತಿಲ್ಲ ಕಣೆ" ಎಂದ. ಆ ವರ್ಷವೊಂದು ದಾಟಿದ್ದರೆ ಅವನು ಹತ್ತನೇ ತರಗತಿಯಲ್ಲಿರುತ್ತಿದ್ದ.

ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಬಂತು, ಮದುವೆಗಳು ನಿಂತವು, ತರಗತಿ ತುಂಬಿತು. ಬೋಧನಾಭ್ಯಾಸದ ಕೊನೆಯ ವಾರ ಸಹಪಠ್ಯ ಚಟುವಟಿಕೆಯಾಗಿ ಇದೇ ವಿಷಯದ ಮೇಲೆ ಚರ್ಚಾಕೂಟ ಇಟ್ಟೆ. ಒಬ್ಬ ಹುಡುಗಿ, ಹಣ ಅಮ್ಮನ ಖಾತೆಗೇ ಬರಬೇಕು, ಹುಡುಗರ ಕೈಗೆ ಕೊಟ್ಟರೆ ರೀಚಾರ್ಜ್ ಮಾಡಿಸುತ್ತಾರೆ ಎಂದಳು. ಇನ್ನೊಬ್ಬಳು, ಅಮ್ಮನ ಖಾತೆಗೆ ಬಂದರೆ ಅಪ್ಪ ಕಿತ್ತುಕೊಳ್ಳುತ್ತಾರೆ, ನಮ್ಮ ಹೆಸರಿಗೇ ಬರಲಿ ಎಂದಳು. ಇಬ್ಬರಿಗೂ ಚಪ್ಪಾಳೆ ಬಿತ್ತು. ಕೊನೆ ಬೆಂಚಿನವನು ಚರ್ಚೆಯಲ್ಲಿ ಬಾಯಿ ಬಿಡಲಿಲ್ಲ. ಗಂಟೆ ಹೊಡೆದ ಮೇಲೆ ಮೇಜಿನ ಹತ್ತಿರ ಬಂದು, ನಾನು ಪುಸ್ತಕ ಜೋಡಿಸಿಕೊಳ್ಳುವುದನ್ನು ನೋಡುತ್ತ ನಿಂತು ಕೇಳಿದ:

"ಮಿಸ್, ನಿಜವಾಗ್ಲೂ ಕೊಡ್ತಾರಾ? ಯಾವ ತಿಂಗಳಿಂದ?"

ಸಂಕ್ರಾಂತಿಗೆ ಇನ್ನು ಮೂರು ವಾರ ಇತ್ತು.